ಖಾಜಾಬೀಗೆ ಮಾತ್ರ ಹೇಳಿದ ಮಾತು

ಗಂಗಾವತಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಸ್ತೂರೆಮ್ಮ ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದಳು. ಭತ್ತದ ನಾಟಿಗೆ ಹೋಗುತ್ತಿದ್ದ ಹುಡುಗಿಯರನ್ನು ಮನೆಮನೆಗೆ ಅಲೆದು ಶಾಲೆಗೆ ಕರೆತಂದವಳು ಆಕೆಯೇ. ಆ ಮಕ್ಕಳು ತನ್ನವರೆಂದೇ ನಂಬಿದ್ದಳು.

೧೯೭೯ರ ಹೊತ್ತಿಗೆ ಒಂದು ಸಂಗತಿ ಆಕೆಯನ್ನು ಚುಚ್ಚತೊಡಗಿತು. ಬಿಡುವಿನ ಗಂಟೆಯಾದರೆ ಹುಡುಗಿಯರು ಹೋಗಿ ಕೂರುತ್ತಿದ್ದುದು ಶಾಲೆಗೆ ನೀರು ತುಂಬುವ ಖಾಜಾಬೀಯ ಬಳಿ. ಆಕೆಯ ಕಿವಿಯಲ್ಲಿ ಏನೇನೋ ಹೇಳುತ್ತಿದ್ದರು. ಕಸ್ತೂರೆಮ್ಮ ಹತ್ತಿರ ಹೋದರೆ ಮಾತು ತಟ್ಟನೆ ನಿಂತು, ಎಲ್ಲರೂ ಎದ್ದು ಕೈಮುಗಿಯುತ್ತಿದ್ದರು. ಆ ನಮಸ್ಕಾರ ಕಪಾಳಕ್ಕೆ ಬಿಗಿದಂತಿರುತ್ತಿತ್ತು. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ ಉರಿ: ಓದು ಬರಹ ಬಾರದ ಅವಳಲ್ಲಿ ಏನಿದೆ, ನನ್ನಲ್ಲಿ ಏನಿಲ್ಲ?

ಒಂದು ದಿನ ಐದನೆಯ ತರಗತಿಯ ಹುಲಿಗೆಮ್ಮ ಖಾಜಾಬೀಯ ತೊಡೆಗೆ ಮುಖವೊತ್ತಿ ಅಳುತ್ತಿದ್ದಳು. ಏನಾಯಿತೆಂದು ಕಸ್ತೂರೆಮ್ಮ ಕೇಳಿದರೆ, ಹುಡುಗಿ ಕಣ್ಣೊರೆಸಿಕೊಂಡು, “ಏನಿಲ್ರಿ ಅಕ್ಕೋರ” ಎಂದಳು. ಕಸ್ತೂರೆಮ್ಮನಿಗೆ ತಡೆಯಲಾಗಲಿಲ್ಲ. ಬಿಡುವಿನಲ್ಲಿ ಯಾರೂ ಖಾಜಾಬೀಯ ಬಳಿ ನಿಲ್ಲಕೂಡದೆಂದು ಹೆಡ್‌ಮಾಸ್ತರರಿಂದ ಹುಕುಂ ಮಾಡಿಸಿದಳು.

ಒಂದು ವಾರ ಹಾಯೆನಿಸಿತು. ಎಂಟನೆಯ ದಿನ ಶಾಲೆ ಬಿಟ್ಟ ಮೇಲೆ ಖಾಜಾಬೀ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕೋರ, ಬೇಕಂದ್ರ ನನ್ನ ಕೆಲಸಾ ಬಿಡಸ್ರಿ. ಆದ್ರ ಹುಲಿಗೆಮ್ಮಗ ಮನಸಿನ ಮಾತು ಹೇಳಾಕ ಯಾರರ ಬೇಕ್ರಿ. ಮನ್ಯಾಗ ಅಕಿಗೆ ಭಾಳ ತ್ರಾಸ ಐತಿ.”

“ಏನ್ ತ್ರಾಸ? ಹೇಳು.”

“ಅಕಿ ಹೂಂ ಅನ್ನೂತನಕ ನಾ ಹೇಳಂಗಿಲ್ರಿ.”

“ನಿನಗ ಹೇಳ್ತಾರ, ನನಗ್ಯಾಕ ಹೇಳಂಗಿಲ್ಲ?” ಎಂದಳು ಕಸ್ತೂರೆಮ್ಮ.

ಖಾಜಾಬೀ ಬಾಗಿಲು ಬಿಟ್ಟು ಒಳಗೆ ಬಂದಳು. “ಹ್ವಾದ ವರ್ಷ ಒಬ್ಬಾಕಿ ಮನ್ಯಾಗಿನ ತ್ರಾಸ ನಿಮ್ಮ ಮುಂದ ಹೇಳಿದ್ಲಲ್ರಿ. ನೀವು ಮಾಸ್ತರ್ ಮಂದಿ ಎಲ್ಲಾರ ಎದುರಿಗೆ ಅಕಿ ಅಪ್ಪನ್ನ ಕರೆಸಿ ಕೇಳಿದ್ರಿ. ಊರಿಗೆಲ್ಲಾ ಸುದ್ದಿ ಆತು. ಸಾಲಿ ಬಿಡಿಸಿ ಲಗ್ನಾ ಮಾಡಿಬಿಟ್ರು. ಹುಡಿಗ್ಯಾರು ಅದನ್ನ ಮರ್ತಿಲ್ರಿ.”

ಅಂದು ತಾನು ಮಾಡಿದ್ದು ನ್ಯಾಯವೆಂದೇ ಕಸ್ತೂರೆಮ್ಮ ತಿಳಿದಿದ್ದಳು. “ಹುಲಿಗೆಮ್ಮನ್ನ ಕೇಳಿ ನೋಡು. ಅಕಿ ಹೂಂ ಅಂದ್ರ ನಾಳೆ ಇಬ್ರೂ ಬರ್ರಿ,” ಎಂದಳು.

ಮರುದಿನ ಖಾಲಿ ತರಗತಿಯಲ್ಲಿ ಮೂವರೂ ಕೂತರು. ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲವೆಂದು ಕಸ್ತೂರೆಮ್ಮ ಮಾತು ಕೊಟ್ಟ ಮೇಲೆಯೇ ಹುಡುಗಿ ಬಾಯಿಬಿಟ್ಟಳು. ಮನೆಯಲ್ಲಿ ಬಂದುಳಿದಿದ್ದ ನೆಂಟನೊಬ್ಬ ಯಾರೂ ಇಲ್ಲದಾಗ ಮೈಮುಟ್ಟುತ್ತಿದ್ದ, ಹೇಳಿದರೆ ನೋಡು ಎಂದು ಹೆದರಿಸಿದ್ದ.

“ತಪ್ಪು ನಿಂದಲ್ಲವ್ವ, ಅವಂದು,” ಎಂದಳು ಕಸ್ತೂರೆಮ್ಮ. “ಮನ್ಯಾಗ ಯಾರಿಗೆ ಹೇಳೂಣು?”

“ನಮ್ಮ ಅಜ್ಜಿಗೆ.”

ಮಾತನಾಡುವಷ್ಟು ಹೊತ್ತೂ ಹುಡುಗಿ ಹಿಡಿದುಕೊಂಡಿದ್ದು ಖಾಜಾಬೀಯ ಕೈಯನ್ನು. ಅಂಥ ಹೊತ್ತಿನಲ್ಲೂ ಕಸ್ತೂರೆಮ್ಮನ ಕಣ್ಣು ಆ ಕೈಗಳ ಮೇಲೆಯೇ ಇತ್ತು.

ಕಸ್ತೂರೆಮ್ಮ, ಖಾಜಾಬೀ ಇಬ್ಬರೂ ಅಂದೇ ಗದ್ದೆಗೆ ಹೋಗಿ, ಒಬ್ಬಳೇ ಕಳೆ ಕೀಳುತ್ತಿದ್ದ ಅಜ್ಜಿ ಮುದುಕವ್ವನಿಗೆ ತಿಳಿಸಿದರು. ಮುದುಕಿ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಮನೆಗೆ ನಡೆದು, ಆ ನೆಂಟನ ಟ್ರಂಕನ್ನು ಬೀದಿಗೆ ಎಸೆದಳು. ಪೊಲೀಸರಿಗೆ ಹೇಳೋಣವೆಂದ ಕಸ್ತೂರೆಮ್ಮನ ಮಾತಿಗೆ ಮನೆಯವರು ಮಾನಕ್ಕಂಜಿ ಒಪ್ಪಲಿಲ್ಲ. ಆ ಕೊರಗು ಆಕೆಗೆ ಉಳಿಯಿತು. ಆದರೆ ಆತ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ, ಹುಲಿಗೆಮ್ಮ ಏಳನೆಯ ತರಗತಿ ಮುಗಿಸಿದಳು.

ಹುಕುಂ ರದ್ದಾಯಿತು. ಹೊಟ್ಟೆಯುರಿ ಮಾತ್ರ ಪೂರ್ತಿ ಆರಲಿಲ್ಲ. ಆದರೆ ಕಸ್ತೂರೆಮ್ಮ ಈಗ ಖಾಜಾಬೀಯನ್ನು ಕಲಿಯುವವಳಂತೆ ನೋಡುತ್ತಿದ್ದಳು: ಆಕೆ ಕೆದಕಿ ಕೇಳುತ್ತಿರಲಿಲ್ಲ, ಕೇಳಿ ಬೆಚ್ಚುತ್ತಿರಲಿಲ್ಲ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಿರಲಿಲ್ಲ.

೧೯೮೬ರಲ್ಲಿ ಕಸ್ತೂರೆಮ್ಮನಿಗೆ ಕುಷ್ಟಗಿಗೆ ವರ್ಗವಾಯಿತು. ನಾಲ್ಕು ತಿಂಗಳು ಯಾರೂ ಹತ್ತಿರ ಸುಳಿಯಲಿಲ್ಲ. ಐದನೆಯ ತಿಂಗಳು ಒಬ್ಬ ಹುಡುಗಿ ಎಲ್ಲರೂ ಹೋದ ಮೇಲೆ ಹಿಂದುಳಿದು, “ಅಕ್ಕೋರ, ಯಾರ ಮುಂದೂ ಹೇಳಂಗಿಲ್ಲಲ್ರಿ?” ಎಂದಳು. ಕಸ್ತೂರೆಮ್ಮ ಪೂರ್ತಿ ಕೇಳಿದಳು. ಆ ಮಗುವಿನ ಒಪ್ಪಿಗೆ ಪಡೆದು, ತಾಯಿಯನ್ನು ಜೊತೆಗೆ ಕರೆದುಕೊಂಡು ಮಾಡಬೇಕಾದ್ದನ್ನು ಮಾಡಿದಳು.

ದಸರಾ ರಜೆಯಲ್ಲಿ ಗಂಗಾವತಿಗೆ ಬಂದವಳು ಖಾಜಾಬೀಯ ಮನೆಗೆ ಹೋದಳು. ನನ್ನ ಬಳಿಯೂ ಒಬ್ಬಳು ಬಂದಳು ಎಂದು ಹೇಳಿಬಿಡಲು ನಾಲಿಗೆ ತುರಿಸುತ್ತಿತ್ತು.

“ಅಲ್ಲಿ ಹುಡಿಗ್ಯಾರು ಹೆಂಗದಾರ್ರಿ ಅಕ್ಕೋರ?” ಖಾಜಾಬೀ ಕೇಳಿದಳು.

“ಛಲೋ ಅದಾರ,” ಎಂದಷ್ಟೇ ಹೇಳಿ ಕಸ್ತೂರೆಮ್ಮ ಚಹಾ ಕುಡಿದಳು.