ಬಾನೆಟ್ಟಿನಡಿಯ ಕೆಂಪು ತೊಗಲು

ಹವಾನಾದ ರೆಗ್ಲಾ ಕೇರಿಯಲ್ಲಿ ಬಾಡಿಗೆ ಕಾರು ಓಡಿಸುವ ಹೆಂಗಸು ಎಂದರೆ ಸುಲೇಮಾ ಒಬ್ಬಳೇ. ಕಾರು ಐವತ್ತೆರಡನೇ ಇಸವಿಯ ಷೆವರ್ಲೆ, ಅವಳಪ್ಪನ ಕಾಲದ್ದು. ಅದು ಓಡಿದರೆ ಮನೆಯ ಒಲೆ ಉರಿಯುತ್ತದೆ, ನಿಂತರೆ ಇಲ್ಲ. ಇದರಲ್ಲಿ ಬೇರೆ ವೇದಾಂತವಿಲ್ಲ. ಅಂಥ ಗಾಡಿ ಆ ಬೆಳಿಗ್ಗೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು, ಕರಿ ಹೊಗೆ ಕಾರಿತು.

ರಿಪೇರಿಯೆಲ್ಲ ಗಂಡ ಎವೆಲಿಯೊನ ಪಾಲಿನದು. ಅವನೋ ಹಂದಿ ಕೊಬ್ಬು ತರುತ್ತೇನೆಂದು ಹಿಂದಿನ ದಿನವೇ ಮತಾನ್ಸಾಸ್‌ನ ತಂಗಿಯ ಮನೆಗೆ ಹೋಗಿದ್ದ. ಇವಳೇನು ಕೈಕಟ್ಟಿ ಕೂರುವವಳೇ? ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಳಚಿ ನೋಡಿದಳು. ಯಾವುದನ್ನು ಕಿತ್ತರೂ ಎಂಜಿನ್ ಒಂದೇ ಸಮ ಕುಗ್ಗಿತು. ಹಾಗಾದರೆ ಕಿಡಿ ಸರಿಯಿದೆ, ತೊಂದರೆ ಪೆಟ್ರೋಲಿನದು ಎಂದು ಗೊಣಗುತ್ತ ಮೇಲಿನ ಗಾಳಿ ಡಬ್ಬಿ ತೆಗೆದವಳು ಬೆಪ್ಪಾಗಿ ನಿಂತಳು. ಮೊನ್ನೆ ಮೊನ್ನೆ ಹಾಕಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಒಳ್ಳೆಯ ಕಾರ್ಬುರೇಟರ್ ಮಾಯ! ಅದರ ಜಾಗದಲ್ಲಿ, ಮೂಲೆಗೆಸೆದಿದ್ದ ಹಳೆಯ ಸವಕಲು ಕುಳಿತಿತ್ತು.

ಕಳ್ಳನ ವಂಶ ನಿರ್ವಂಶವಾಗಲಿ ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತ ಅದನ್ನು ಬಿಚ್ಚಿದಳು. ಅಡಿಯಲ್ಲಿ ಗಾಳಿ ನುಗ್ಗದಂತೆ ಹೊಸದಾಗಿ ಕತ್ತರಿಸಿಟ್ಟ ತೊಗಲು. ಕೆಂಪು ತೊಗಲು. ಬೀರುವಿನಲ್ಲಿದ್ದ ಅವಳ ಮದುವೆಯ ಕೈಚೀಲದ್ದು.

ಬೈಗುಳ ಅಲ್ಲಿಗೇ ನಿಂತಿತು. ಹೊರಗಿನ ಕಳ್ಳ ತೂತು ಬಿಟ್ಟು ಹೋಗುತ್ತಾನೆ. ಪಾಪ, ಹೇಗೋ ನಾಲ್ಕು ದಿನ ಓಡಿಸಿಕೊಳ್ಳಲಿ ಎಂದು ಹಳೆಯದನ್ನು ಕೂರಿಸಿ ನಟ್ಟು ಬಿಗಿಯುತ್ತಾನೆಯೇ?

ಆ ವರ್ಷ ಕಾರಿನ ಎಂಜಿನ್ನನ್ನು ದೋಣಿಗೆ ಕಟ್ಟಿಕೊಂಡು ಕದ್ದುಮುಚ್ಚಿ ಕಡಲು ದಾಟಿ ಅಮೆರಿಕದ ಮಯಾಮಿಗೆ ಹೊರಟವರು ಒಬ್ಬಿಬ್ಬರಲ್ಲ. ಎವೆಲಿಯೊನ ಗೆಳೆಯನ ಬಳಿ ಇದೇ ಜಾತಿಯ ಎಂಜಿನ್ ಇತ್ತು, ಕಾರ್ಬುರೇಟರ್ ಒಂದಿರಲಿಲ್ಲ. ಹಾಗಾದರೆ ಎವೆಲಿಯೊ ಹೋದದ್ದು ಹಂದಿ ಕೊಬ್ಬಿಗಲ್ಲ, ಕಡಲಿಗೆ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದು ಮಾತು ಹೇಳಬಾರದಿತ್ತೇ ಆ ಪಾಪಿ!

ಅಷ್ಟರಲ್ಲಿ ಬೀದಿಯ ಕಾವಲು ಸಮಿತಿಯ ಮಿಗ್ದಾಲಿಯಾ ಬಂದಳು. ಅವಳ ಕಿವಿಗೆ ಬಿದ್ದದ್ದು ಪೊಲೀಸರ ಕಿವಿಗೆ ಬಿದ್ದ ಹಾಗೆಯೇ.

"ಏನೇ ಅದು, ಆಗ್ಲಿಂದ ಬೈತಾನೇ ಇದ್ದೀಯ? ಏನ್ ಕಳವಾಯ್ತು ಹೇಳು, ಕಂಪ್ಲೇಂಟ್ ಕೊಡೋಣ."

ಹೂಂ ಎಂದರೆ ಕಡಲು ಕಾಯುವವರು ಇಂದೇ ಅವನನ್ನು ಎಳೆದು ತಂದು ಜೈಲಿಗೆ ಹಾಕುತ್ತಾರೆ. ಉಹೂಂ ಎಂದರೆ ಅವನ ಮುಖ ಇನ್ನು ನೋಡುವಂತಿಲ್ಲ.

"ಏನೂ ಇಲ್ಲಕ್ಕ," ಎಂದಳು ಸುಲೇಮಾ. "ಹೊಸದು ಸರಿಹೋಗ್ಲಿಲ್ಲ. ಹಳೇದನ್ನ ನಾನೇ ಹಾಕ್ದೆ."

ಮಿಗ್ದಾಲಿಯಾ ಅಲ್ಲಾಡಲಿಲ್ಲ. "ಎವೆಲಿಯೊ ಯಾವಾಗ ಬರ್ತಾನೆ?"

ಸುಲೇಮಾ ಮುಖ ಕಾಣದಂತೆ ಎಂಜಿನ್ನಿನ ಮೇಲೆ ಬಗ್ಗಿದಳು.

"ಬರ್ತಾನೆ ಬಿಡಕ್ಕ. ಎಲ್ಲಿಗೆ ಹೋಗ್ತಾನೆ."