ಪ್ರೈಮಸ್ ಟಾಲ್‌ಬಟ್‌ಗೆ ಎದ್ದು ನಿಲ್ಲುವವರು

ನಮ್ಮ ಮೇಲಿನ ಮನೆಯ ಮಿಸ್ ಯುಲಾಲಿ ಟಾಲ್‌ಬಟ್ ಅಮೆರಿಕದ ಈ ಪ್ರಾವಿಡೆನ್ಸ್ ಊರಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಊಟ ಬಡಿಸಿದವರು. ಒಂದು ದಿನ ತಟ್ಟೆ ಹಿಡಿದು ನಿಂತ ಹುಡುಗಿಯೊಬ್ಬಳು, "ಸ್ವಾತಂತ್ರ್ಯದ ಯುದ್ಧದಲ್ಲಿ ನಮ್ಮೋರು ಯಾರೂ ಇರ್ಲಿಲ್ವಾ?" ಎಂದು ಕೇಳಿದಳಂತೆ. ಅವಳ ಪಾಠದ ಪುಸ್ತಕದಲ್ಲಿ ನಮ್ಮ ಹಾಗೆ ಕಪ್ಪು ಬಣ್ಣದವನು ಒಬ್ಬನೇ ಇದ್ದ, ದಳಪತಿಯ ಕುದುರೆ ಹಿಡಿದುಕೊಂಡು. ಅವತ್ತು ಸಂಜೆಯಿಂದಲೇ ಇವರು ಗ್ರಂಥಾಲಯಕ್ಕೆ ಹೋಗತೊಡಗಿದರು.

ಹಾಗೆ ಹುಟ್ಟಿದವು ನಾಲ್ಕು ಪುಟ್ಟ ಪುಸ್ತಕಗಳು. ಚಿತ್ರ ಬರೆದದ್ದೂ ಅವರೇ, ನೂಲು ಹಾಕಿ ಹೊಲಿದದ್ದೂ ಅವರೇ. ನಮ್ಮ ಚರ್ಚಿನ ಭಾನುವಾರದ ಶಾಲೆಯ ಮಕ್ಕಳು ಓದುವುದು ಅವನ್ನೇ. ಎಲ್ಲರಿಗೂ ಇಷ್ಟ ಪ್ರೈಮಸ್ ಟಾಲ್‌ಬಟ್‌ನ ಕಥೆ: ಗುಲಾಮನಾಗಿದ್ದವನು ಬಂದೂಕು ಹೊತ್ತು ಹೋಗಿ, ಐದು ವರ್ಷ ಕಾದಾಡಿ, ಸ್ವತಂತ್ರನಾಗಿ ಊರಿಗೆ ನಡೆದು ಬಂದದ್ದು. ಅದರ ಮೊದಲ ಸಾಲು, "ಈತ ನನ್ನ ಮುತ್ತಜ್ಜನ ಅಜ್ಜ."

ಮಿಸ್ ಯುಲಾಲಿಗೆ ಬೇರೆ ಯಾರೂ ಇಲ್ಲ. ಗಂಡ ಹೋಗಿ ಬಹಳ ವರ್ಷವಾಯಿತು, ಮಕ್ಕಳಾಗಲಿಲ್ಲ, ಇದ್ದೊಬ್ಬ ತಂಗಿಯನ್ನು ಹೋದ ವರ್ಷ ಮಣ್ಣು ಮಾಡಿದೆವು. ಒಬ್ಬರಿಗೇ ಅಂತ ಸಿಹಿಗೆಣಸಿನ ಪೈ ಮಾಡಿಕೊಂಡು ಮುಕ್ಕಾಲು ಪಾಲು ಕೆಳಗೆ ನಮಗೇ ಕಳಿಸುತ್ತಾರೆ.

ವರ್ಷಕ್ಕೊಂದು ಭಾನುವಾರ ಚರ್ಚಿನಲ್ಲಿ ಹಳೆಯ ಸೈನಿಕರ ಹೆಸರು ಓದುತ್ತಾರೆ. ಹೆಸರು ಬಂದಾಗ ಆತನ ವಂಶದವರು ಎದ್ದು ನಿಲ್ಲಬೇಕು. ಪ್ರೈಮಸ್‌ಗೆ ಎದ್ದು ನಿಲ್ಲುತ್ತಿದ್ದುದು ಇವರೊಬ್ಬರೇ, ಹ್ಯಾಟು ಸರಿಮಾಡಿಕೊಂಡು.

ಈ ಸಲ ಆ ಭಾನುವಾರಕ್ಕೆ ಹತ್ತು ದಿನವಿದ್ದಾಗ ದಾಖಲೆ ಕಚೇರಿಯಿಂದ, ಅವರೇ ಬರೆದು ಕೇಳಿದ್ದ ಒಂದು ಕಾಗದ ಬಂತು. ಪಿಂಚಣಿಗಾಗಿ ಪ್ರೈಮಸ್ ನ್ಯಾಯಾಧೀಶರ ಮುಂದೆ ಬರೆಸಿದ ಹೇಳಿಕೆಯ ನಕಲು. ಆ ಹಳೇ ಬರಹ ಮಿಸ್ ಯುಲಾಲಿಯ ಕಣ್ಣಿಗೆ ಹತ್ತಲಿಲ್ಲ. ಮಗಳು ಓಪಲ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಓದಿದೆ.

"ವಯಸ್ಸು ಅರವತ್ತಮೂರು. ಇರುವ ಆಸ್ತಿ: ಕಬ್ಬಿಣದ ಪಾತ್ರೆ ಒಂದು. ಕುರ್ಚಿ ಎರಡು, ಒಂದು ಮುರಿದದ್ದು. ಮದುವೆಯಾಗಿಲ್ಲ. ಮಕ್ಕಳು ಹುಟ್ಟಿಲ್ಲ. ರಕ್ತಸಂಬಂಧಿಗಳು ಯಾರೂ ಇಲ್ಲ."

"ಇನ್ನೊಂದ್ಸಲ ಓದು."

ಓದಿದೆ.

"ಹೆಸರು ಸರಿಯಾಗಿ ನೋಡಿದ್ಯೇನೇ, ನರಿಸ್ಸಾ?"

"ನೋಡ್ದೆ, ಮಿಸ್ ಯುಲಾಲಿ. ಊರೂ ಅದೇ, ದಳಾನೂ ಅದೇ."

ಅವರು ಮೇಜಿನ ಮೇಲಿನ ಪೈ ಚೂರುಗಳನ್ನು ಬೆರಳಿನಿಂದ ಒಂದೊಂದೇ ಒತ್ತಿ ತೆಗೆದರು. "ಟಾಲ್‌ಬಟ್ ಅಂದ್ರೆ ಎಲ್ಲಾ ಒಂದೇ ಮನೆಯೋರು ಅಂದ್ಕೊಂಡೆ. ಒಂದೇ ಮನೆಯೋರೇ ಬಿಡು. ಮನೆ ಮಾತ್ರ ಯಜಮಾನಂದು. ಕೊಂಡ್ಕೊಂಡ ಗುಲಾಮ್ರಿಗೆಲ್ಲ ತನ್ನ ಹೆಸರೇ ಅಂಟಿಸಿದ್ದ."

ಭಾನುವಾರದ ಶಾಲೆ ನೋಡಿಕೊಳ್ಳುವ ಡೀಕನ್ ಆಂಬ್ರೋಸ್ ಮರುದಿನ ಬಂದರು. "ಇನ್ನೂರು ವರ್ಷದ ಮಾತು, ಸಿಸ್ಟರ್. ನೀವು ಎದ್ದು ನಿಂತ್ರೆ ಯಾರಪ್ಪನ ಗಂಟು ಹೋಗುತ್ತೆ? ಮಕ್ಕಳಿಗೇನು ಗೊತ್ತಾಗುತ್ತೆ?"

"ಮಕ್ಕಳಿಗೆ ಗೊತ್ತಾಗಲ್ಲ ಅಂತ್ಲೇ ಅಲ್ವೇನಯ್ಯಾ ಆ ಪಾಠದ ಪುಸ್ತಕದೋರು ಕುದುರೆ ಹಿಡಿದೋನ ಚಿತ್ರ ಹಾಕಿದ್ದು?"

"ನಿಮ್ಮ ಹತ್ರ ಮಾತಾಡಿ ಗೆದ್ದೋರುಂಟಾ!" ಎಂದು ಡೀಕನ್ ಟೋಪಿ ಎತ್ತಿಕೊಂಡರು.

ಮಿಸ್ ಯುಲಾಲಿ ಚರ್ಚಿನಿಂದ ಪ್ರೈಮಸ್ ಕಥೆಯ ಅರವತ್ತು ಪ್ರತಿ ವಾಪಸು ತರಿಸಿದರು. ಅವರು ಚೀಟಿ ಬರೆದುಕೊಟ್ಟರು, ನಾನು ಅಂಟು ಹಚ್ಚಿ ಮೊದಲ ಸಾಲಿನ ಮೇಲೆ ಕೂರಿಸುತ್ತಾ ಹೋದೆ: "ಪ್ರೈಮಸ್‌ಗೆ ಮಕ್ಕಳಿರಲಿಲ್ಲ. ಆತನ ಕಡೆಯವರು ಯಾರೂ ಇರಲಿಲ್ಲ." ಅರವತ್ತು ಸಲವೂ ಅವರ ಕೈಬರಹ ಒಂದೇ ಥರ ಇತ್ತು. ರಾತ್ರಿ ಊಟಕ್ಕೆ ನಮ್ಮಲ್ಲೇ ಬನ್ನಿ ಎಂದೆ. "ಇನ್ನೊಂದು ದಿನ ನೋಡೋಣ ಮಗಳೇ," ಎಂದರು.

ಭಾನುವಾರ ನಮ್ಮ ಪಕ್ಕದಲ್ಲೇ ಕುಳಿತರು. ಪಾದ್ರಿಗಳು "ಪ್ರೈಮಸ್ ಟಾಲ್‌ಬಟ್" ಎಂದು ಓದಿ, ಅಭ್ಯಾಸಬಲದಿಂದ ತಲೆ ಎತ್ತಿ ನೋಡಿದರು. ಮುಂದಿನ ಸಾಲಿನ ಮಕ್ಕಳೂ ತಿರುಗಿ ನೋಡಿದವು. ಯಾರೂ ಏಳಲಿಲ್ಲ.

"ಮಿಸ್ ಯುಲಾಲಿ, ನಿಮ್ಮ ಸರದಿ! ಏಳಿ!" ಎಂದಳು ಓಪಲ್, ಇಡೀ ಚರ್ಚಿಗೆ ಕೇಳುವಂತೆ.

"ನಂದಲ್ಲ ಕಂದ." ಅವರು ಎರಡೂ ಕೈ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು ನೇರ ಮುಂದೆ ನೋಡುತ್ತಿದ್ದರು.

ಪಾದ್ರಿಗಳು ಮುಂದಿನ ಹೆಸರು ಓದಿದರು. ನಮ್ಮ ಹಿಂದೆ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಕೈಗೂಸು ಸಮೇತ ಒಂದು ಬೆಂಚು ಪೂರ್ತಿ ಎದ್ದು ನಿಂತಿತು.