ಒಂದು ಕುರ್ಚಿ, ಅರ್ಧ ದೋಸೆ

ಗೆಳೆಯರೇ, ಇವತ್ತಿನ ನಾಷ್ಟಾಕ್ಕೆ ಒಟ್ಟು ಮೂವತ್ತೆರಡು ರೂಪಾಯಿ ಆಯಿತು. ನಾನು ಕೊಟ್ಟದ್ದು ಸೊನ್ನೆ. ಆದರೂ ನಷ್ಟ ನನಗೇ.

ಹೊಸಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲಿನಲ್ಲಿ ಕೂತಿದ್ದೆ. ಅದಿರು ಲಾರಿಗಳ ಭರಾಟೆ ಶುರುವಾದ ಮೇಲೆ ಅಲ್ಲಿ ತಿನ್ನುವವರ ಕುರ್ಚಿ ಹಿಡಿದು ಇನ್ನೊಬ್ಬರು ಕಾಯುವುದು ವಾಡಿಕೆ. ಇವತ್ತು ನನ್ನ ಕುರ್ಚಿ ಹಿಡಿದವರು ಸಂಡೂರಿನ ಲಾರಿ ಮಾಲೀಕರೊಬ್ಬರು, ಬೆರಳು ತುಂಬ ಉಂಗುರ. ನನ್ನ ಎರಡನೇ ಬೆಣ್ಣೆ ದೋಸೆ ಇನ್ನೂ ಅರ್ಧ ಉಳಿದಿತ್ತು.

"ಅಣ್ಣಾರ, ಜಲ್ದಿ ಮುಗಸ್ರಿ" ಎಂದರು.

"ಬೆಣ್ಣಿ ದೋಸಿ ಜಲ್ದಿ ತಿನ್ನಬಾರದ್ರಿ, ಪಾಪ ಬರ್ತೈತಿ" ಎಂದೆ.

"ನಿಮ್ಮ ಬಿಲ್ ನಾ ಕೊಡ್ತೀನಿ. ಈಗ ಏಳ್ರಿ."

ನಾಲಿಗೆ ಬೇಡ ಎಂದಿತು, ಜೇಬು ಎದ್ದು ನಿಂತಿತು. ಅವರು ದುಡ್ಡು ಕೊಟ್ಟು ಕೂತರು, ನನ್ನ ತಟ್ಟೆ ಒಳಗೆ ಹೋಯಿತು.

"ನಾಕು ಬೆಣ್ಣಿ ದೋಸಿ ಕೊಡ್ರಿ!"

ಗಲ್ಲಾದಲ್ಲಿ ಕೂತಿದ್ದ ಹೋಟೆಲಿನ ಅಕ್ಕ ತಲೆ ಎತ್ತಿದರು. "ಹಿಟ್ಟು ಮುಗದೈತ್ರಿ ಸಾವ್ಕಾರ್ರ. ಅವರ ತಟ್ಟ್ಯಾಗಿದ್ದದ್ದ ಕಡೀದು."

"ಮೊದ್ಲ ಹೇಳಬಾರದೇನ್ರೀ?"

"ನೀವು ಕುರ್ಚಿ ಕೇಳಿದ್ರಿ. ದೋಸಿ ಎಲ್ಲಿ ಕೇಳಿದ್ರಿ?"

ಅವರಿಗೆ ಕುರ್ಚಿ ಸಿಕ್ಕಿತು, ಅಕ್ಕನಿಗೆ ಮೂವತ್ತೆರಡು ರೂಪಾಯಿ, ನನಗೆ ಅರ್ಧ ಹೊಟ್ಟೆ. ಉಳಿದರ್ಧ ದೋಸೆಯನ್ನು ಹಿತ್ತಲಿನ ಎಮ್ಮೆ ತಿಂದಿತು, ಬೆಣ್ಣೆ ಸಮೇತ.